ಒನೇಲಿಯಾ ಇಳಿಸಿದ ತಗಡು

ನಮ್ಮ ಓಣಿಯಲ್ಲಿ ತಾರಸಿ ಇರುವುದು ನನ್ನ ಮನೆಗೊಂದಕ್ಕೇ. ತೀರಿಕೊಂಡ ನನ್ನ ಗಂಡ ಗಾರೆ ಕೆಲಸದವನು. ಹತ್ತು ಕಡೆ ದುಡಿಯುತ್ತ ಒಂದೊಂದೇ ಬುಟ್ಟಿ ಸಿಮೆಂಟು ತಂದು ಕೂಡಿಹಾಕಿದ. ಎಲ್ಲಿಂದ ತಂದೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಅವನು ಹೋದ, ತಾರಸಿ ಉಳಿಯಿತು. ಅದರ ಫಲವನ್ನು ನಾನು ಉಣ್ಣುತ್ತಿದ್ದೇನೆ. ರೇಡಿಯೋದಲ್ಲಿ ಚಂಡಮಾರುತದ ಸುದ್ದಿ ಬಂದರೆ ಸಾಕು, ಓಣಿಯವರ ಫ್ರಿಜ್ಜು, ಹಾಸಿಗೆ, ಟೀವಿ, ಹಂದಿಮರಿ ಎಲ್ಲವೂ ನನ್ನ ನಡುಮನೆಗೆ ಬಂದು ಕೂರುತ್ತವೆ. ಜೂನ್ ಹತ್ತಿರವಾದಂತೆ ಎಲ್ಲರಿಗೂ ನನ್ನ ಮೇಲೆ ಪ್ರೀತಿ ಉಕ್ಕುತ್ತದೆ. ನವೆಂಬರ್ ಮುಗಿದು ಗಾಳಿಯ ಕಾಲ ಕಳೆಯಿತೆಂದರೆ ಒಂದು ಲೋಟ ಕಾಫಿಗೆ ಕರೆಯುವವರೂ ಇಲ್ಲ.

ಎದುರು ಮನೆಯ ಒನೇಲಿಯಾ ಮಾತ್ರ ಹಾಗಲ್ಲ. ಅವಳು ವರ್ಷವಿಡೀ ಬರುತ್ತಾಳೆ. ಬಂದವಳು ಹೆಚ್ಚು ಮಾತಾಡುವುದೂ ಇಲ್ಲ. ಹೊಗೆಸೊಪ್ಪಿನ ಎಲೆ ವಿಂಗಡಿಸುವ ಕೊಟ್ಟಿಗೆಯಲ್ಲಿ ಹದಿನಾರನೇ ವಯಸ್ಸಿಗೆ ಕೂತವಳು, ಎದ್ದದ್ದು ಪಿಂಚಣಿ ಬಂದ ಮೇಲೆ. ಅಲ್ಲಿ ಪಕ್ಕದಲ್ಲೇ ನಾನೂ ಕೂತಿದ್ದೆ. ನಾನು ಇಡೀ ಕೊಟ್ಟಿಗೆಗೆ ಕೇಳುವಂತೆ ಹರಟುತ್ತಿದ್ದರೆ ಅವಳು ಎಲೆಯನ್ನು ತೊಡೆಯ ಮೇಲೆ ಸವರುತ್ತ "ಆಗ್ಲಿ" ಎನ್ನುತ್ತಿದ್ದಳು. ಯಾರು ಏನು ಹೇಳಿದರೂ ಅವಳದು ಅದೊಂದೇ ಮಾತು. ಈಗ ಮಂಡಿ ಎರಡೂ ಹೋಗಿವೆ, ಮೈ ಒಣಗಿದೆ, ಬೆರಳಿಗೆ ಹತ್ತಿದ ಹೊಗೆಸೊಪ್ಪಿನ ಕಂದು ಬಣ್ಣ ಮಾತ್ರ ಹೋಗಿಲ್ಲ.

ಅವಳ ಗಂಡ ಎವೆಲಿಯೋ ಎತ್ತಿನ ಗಾಡಿ ಹೊಡೆಯುತ್ತಿದ್ದವನು. ಮಕ್ಕಳಿಲ್ಲ. ಮೂರು ವರ್ಷದಿಂದ ಅವನ ತಲೆ ಒಂದೊಂದನ್ನೇ ಬಿಟ್ಟುಕೊಡುತ್ತಿದೆ. ಮೊದಲು ವಾರ ಮರೆತ, ಆಮೇಲೆ ಜನರ ಹೆಸರು ಮರೆತ, ಈಗ ಊಟ ಮಾಡಿದ್ದನ್ನೂ ಮರೆಯುತ್ತಾನೆ. ಮರೆಯದೆ ಉಳಿದದ್ದು ಎರಡೇ: ಹೆಂಡತಿ ಮತ್ತು ಮನೆಯ ಚಾವಣಿ.

ಚಾವಣಿಯ ಕಥೆ ಹೇಳಲೇಬೇಕು. ಹಿಂದೊಮ್ಮೆ ಕ್ಯೂಬಾದ ಈ ಪಡುವಣ ತುದಿಗೆ ಬಂದ ಗಾಳಿ ಅವರ ತಗಡುಗಳನ್ನೆಲ್ಲ ಕಿತ್ತುಕೊಂಡು ಹೋಯಿತು. ಒಂದು ತಗಡು ನದಿಯಾಚೆ ತೆಂಗಿನ ಮರಕ್ಕೆ ಸುತ್ತಿಕೊಂಡಿತ್ತು, ಉಳಿದವು ಎಲ್ಲಿ ಹೋದವೋ ದೇವರಿಗೇ ಗೊತ್ತು. ಹೊಸ ತಗಡು ಸಿಗುವ ತನಕ ಎರಡು ವರ್ಷ ಟಾರ್ಪಾಲಿನ ಕೆಳಗೆ ಮಲಗಿದರು. ತಗಡು ಸಿಕ್ಕ ದಿನ ಎವೆಲಿಯೋ ಓಣಿಯ ಮಧ್ಯೆ ನಿಂತು, "ಇನ್ಮೇಲೆ ಗಾಳಿಗೆ ಈ ಕೆಲ್ಸ ಕೊಡಲ್ಲ, ನಾನೇ ಬಿಚ್ಚಿಡ್ತೀನಿ" ಅಂದ. ಅಂದಂತೆ ನಡೆದುಕೊಂಡ. ಗಾಳಿ ಬರುವ ಮುಂಚೆ ತಗಡು ಇಳಿಸಿ ನೆಲದ ಮೇಲೆ ಕಲ್ಲು ಹೇರಿಡುವುದು ನಮ್ಮಲ್ಲಿ ಹೊಸದೇನಲ್ಲ, ತುಂಬಾ ಜನ ಮಾಡುತ್ತಾರೆ. ಆದರೆ ಉಳಿದವರು ಗಾಳಿ ಇತ್ತಲೇ ಬರುತ್ತದೆ ಎಂದು ಖಾತ್ರಿಯಾದ ಮೇಲೆ ಏಣಿ ಹಾಕಿದರೆ, ಇವನು ರೇಡಿಯೋದವನು ಬಾಯಿ ತೆರೆದ ಕೂಡಲೇ ಹಾಕುತ್ತಿದ್ದ. ಬಂದ ಗಾಳಿಗಳಲ್ಲಿ ಅರ್ಧದಷ್ಟು, ದಾರಿಯಲ್ಲೇ ತಿರುಗಿ ಫ್ಲೋರಿಡಾಕ್ಕೆ ಹೋಗುತ್ತಿದ್ದವು. ಹೋಗುವಾಗ ಒಂದು ಮಳೆಯನ್ನು ನಮ್ಮ ಮೇಲೆ ಚೆಲ್ಲಿ ಹೋಗುತ್ತಿದ್ದವು, ಅದು ನೇರವಾಗಿ ಒನೇಲಿಯಾಳ ಅಡುಗೆ ಮನೆಯೊಳಗೆ ಬೀಳುತ್ತಿತ್ತು. ಗಂಡ ಮೇಲೆ, ಹೆಂಡತಿ ಕೆಳಗೆ. ಮೊಳೆ ಕಿತ್ತು ಇಳಿಸುವುದು, ಆಮೇಲೆ ಅದೇ ಮೊಳೆಯನ್ನು ಕಲ್ಲಿನ ಮೇಲೆ ಬಡಿದು ನೆಟ್ಟಗೆ ಮಾಡಿ ಮತ್ತೆ ಹೊಡೆಯುವುದು. ಪ್ರತಿ ಸಲವೂ ಒಂದಷ್ಟು ಹೊಸ ತೂತು. ಅವಕ್ಕೆ ಡಾಂಬರು ಮೆತ್ತಿ ಮೆತ್ತಿ ತಗಡಿಗೆ ಸಿಡುಬು ಎದ್ದ ಹಾಗೆ ಕಾಣುತ್ತಿತ್ತು. ಗಾಳಿಯಿಂದ ಆದ ತೂತು ಅದರಲ್ಲಿ ಒಂದೂ ಇರಲಿಲ್ಲ, ಎಲ್ಲವೂ ಕಾಪಾಡಲು ಹೋಗಿ ಆದವು.

ಹೋದ ಅಕ್ಟೋಬರಿನಲ್ಲಿ ನಿಜವಾದ ಗಾಳಿಯೇ ಬಂತು. ಎವೆಲಿಯೋಗೆ ಆಗಲೇ ಏಣಿ ಹತ್ತುವ ಶಕ್ತಿ ಇರಲಿಲ್ಲ. ಯಾರೋ ಬಂದು ತಗಡಿನ ಮೇಲೆ ಮರಳು ಚೀಲ ಹೇರಿ ಹೋದರು. ಅವನನ್ನು ಹಿಡಿದು ನನ್ನ ಮನೆಗೆ ತಂದು ಕೂರಿಸಿದೆವು. ಗಾಳಿ ಜೋರಾಗುತ್ತಿದ್ದಾಗ ಕಣ್ಣು ತಪ್ಪಿಸಿ ಬಾಗಿಲು ತೆಗೆದು ಹೊರಟೇಬಿಟ್ಟ. ಚಾವಣಿ ಇಳಿಸಬೇಕಂತೆ. ಕತ್ತಲಲ್ಲಿ ದಾರಿ ತಪ್ಪಿ ಹೊಗೆಸೊಪ್ಪಿನ ಹೊಲದ ಕಾಲುವೆಯಲ್ಲಿ ಬಿದ್ದಿದ್ದ. ಹುಡುಕಿಕೊಂಡು ಹೋದ ಒನೇಲಿಯಾ ಅವನ ಮೇಲೆ ಅಡ್ಡ ಮಲಗಿ ಆ ಗಾಳಿ ಕಳೆದಳು. ಇಬ್ಬರೂ ಬದುಕಿದ್ದು ನಮ್ಮ ಪುಣ್ಯ. ಚಾವಣಿ ಮಾತ್ರ ಅಲ್ಲಾಡಿರಲಿಲ್ಲ.

ಅದಾದ ಮೇಲೆ ಅವನ ನಿದ್ದೆಯೇ ಹೋಯಿತು. ಸಣ್ಣ ಗಾಳಿಗೆ ತಗಡು ಕಟಕಟ ಅಂದರೂ ಎದ್ದು ಕೂರುವನು. "ಲೇ, ಏಣಿ ಎಲ್ಲಿ?" ಎಂದು ಹೆಂಡತಿಯನ್ನು ಅಲುಗಿಸುವನು. ಅವಳು ಎದ್ದು ಬಾಗಿಲಿಗೆ ಅಡ್ಡ ಕುರ್ಚಿ ಇಟ್ಟು ಅದರ ಮೇಲೇ ಕೂತು ತೂಕಡಿಸುವಳು. ಚಳಿಗಾಲವಿಡೀ ಹೀಗೇ ಕಳೆಯಿತು. ಮಾರ್ಚಿಗೆ ಅವಳ ಕಣ್ಣು ಎಷ್ಟು ಒಳಗೆ ಹೋಗಿದ್ದವೆಂದರೆ ನನಗೆ ಅವಳನ್ನು ನೋಡಿದರೇ ಸಿಟ್ಟು ಬರುತ್ತಿತ್ತು.

ಮೇ ತಿಂಗಳಲ್ಲಿ ನಮ್ಮ ವೈದ್ಯೆ ಯಾನೆಲಿಸ್ ಬಂದಳು. ಓಣಿಯ ತುದಿಯ ಚಿಕಿತ್ಸಾಲಯದಲ್ಲೇ ವಾಸ, ನನ್ನ ಮೊಮ್ಮಗಳ ವಯಸ್ಸು, ಒಳ್ಳೆಯ ಹುಡುಗಿ. ಒನೇಲಿಯಾಳ ಅಡುಗೆ ಮನೆಯಲ್ಲಿ ಕೂತು ಕಾಫಿ ಕುಡಿದು, ಲೋಟ ಕೆಳಗಿಡದೆಯೇ ವಿಷಯ ಹೇಳಿದಳು. ಪಟ್ಟಣದ ವೃದ್ಧಾಶ್ರಮದಲ್ಲಿ ಒಂದು ಹಾಸಿಗೆ ಖಾಲಿಯಾಗಿದೆ. ಜೂನ್ ಬರುವ ಮೊದಲು ಎವೆಲಿಯೋನನ್ನು ಅಲ್ಲಿಗೆ ಕಳಿಸಬೇಕು.

"ಗಾಳಿ ಬಂದಾಗ ಇವರನ್ನ ಮನೆಯಿಂದ ಎಬ್ಬಿಸೋಕೆ ಆಗಲ್ಲ ಅಂದ್ರೆ ನಾನು ಹೆಂಗೆ ಸುಮ್ನಿರ್ಲಿ, ಅಜ್ಜಿ? ಹೋದ ಸಲ ಇಬ್ರೂ ಹೋಗ್ಬಿಡ್ತಿದ್ರಿ."

"ಅಲ್ಲಿ ಇವನಿಗೆ ಯಾರ ಗುರುತಿರುತ್ತೆ, ಡಾಕ್ಟ್ರಮ್ಮ?" ಅಂದಳು ಒನೇಲಿಯಾ.

ನಾನು ಸುಮ್ಮನಿರುವವಳಲ್ಲ. "ಒಂದು ಸಲ ಪರೀಕ್ಷೆ ಮಾಡಿ ನೋಡು ಮಗಳೇ. ಶನಿವಾರ ಹೇಗೂ ತಾಲೀಮು ಇದೆಯಲ್ಲ" ಅಂದೆ.

ಪ್ರತಿ ಮೇ ತಿಂಗಳಲ್ಲಿ ನಮ್ಮ ದೇಶವೆಲ್ಲ ಇನ್ನೂ ಬಾರದ ಚಂಡಮಾರುತಕ್ಕೆ ತಾಲೀಮು ಮಾಡುತ್ತದೆ. ಮೈಕು ಕಟ್ಟಿದ ಗಾಡಿ ಓಣಿ ಓಣಿ ಸುತ್ತುತ್ತದೆ, ಸೈರನ್ ಕೂಗುತ್ತದೆ, ಜನ ಚರಂಡಿ ಬಳಿಯುತ್ತಾರೆ, ಮರದ ಕೊಂಬೆ ಸವರುತ್ತಾರೆ, ಗಾಯವಾಗದವರನ್ನು ಸ್ಟ್ರೆಚರಿನ ಮೇಲೆ ಹೊತ್ತು ನಗುತ್ತಾರೆ. ಯಾನೆಲಿಸ್ ಯೋಚಿಸಿ ಒಪ್ಪಿದಳು. ಶನಿವಾರ ಸೈರನ್ ಆದ ಮೇಲೆ ಎವೆಲಿಯೋ ತನ್ನ ಕಾಲ ಮೇಲೆ ನಡೆದು ನನ್ನ ಮನೆಗೆ ಬಂದು, ಕತ್ತಲಾಗುವ ತನಕ ಅಲ್ಲೇ ಇದ್ದರೆ, ಅವನು ಇಲ್ಲೇ ಇರಬಹುದು. ಇಲ್ಲದಿದ್ದರೆ ಸೋಮವಾರ ವೃದ್ಧಾಶ್ರಮದ ಗಾಡಿ ಬರುತ್ತದೆ.

"ಆಗ್ಲಿ" ಅಂದಳು ಒನೇಲಿಯಾ.

ನಾವು ಹೂಡಿದ ಉಪಾಯ ಸರಳವಾಗಿತ್ತು. ಶನಿವಾರ ಬೆಳಿಗ್ಗೆ ನಾನು ಸೀಬೆಹಣ್ಣಿನ ಹಲ್ವ ಮಾಡಿ ಅವನನ್ನು ಕರೆಯುವುದು, ಸೈರನ್ ಆಗುವ ಹೊತ್ತಿಗೆ ಅವನು ನನ್ನ ಜಗಲಿಯ ಮೇಲೆ ತಿನ್ನುತ್ತ ಕೂತಿರುವುದು. ಆದರೆ ಮೈಕಿನ ಗಾಡಿ ಹೇಳಿದ ಹೊತ್ತಿಗಿಂತ ಮುಂಚೆ ಬಂತು. ಬೇರೆ ಎಲ್ಲ ವಿಷಯಕ್ಕೂ ತಡವಾಗಿ ಬರುವವರು ಅವತ್ತೇ ಬೇಗ ಬರಬೇಕೇ? "ಭಾರಿ ಚಂಡಮಾರುತ ದ್ವೀಪದ ಪಡುವಣ ತೀರದತ್ತ ಬರುತ್ತಿದೆ" ಎಂದು ಕೂಗುತ್ತ ಹೋಯಿತು. ಇದು ತಾಲೀಮು ಎಂದೂ ಕೂಗಿತು. ಎವೆಲಿಯೋ ಅಷ್ಟು ಹೊತ್ತಿಗೆ ತನ್ನ ಮನೆಯ ಹಿತ್ತಲಿಗೆ ಹೋಗಿದ್ದ.

ನಾನು ಹಲ್ವದ ತಟ್ಟೆ ಹಿಡಿದು ಓಡಿದೆ. ಅವನು ಗೋಡೆಗೆ ಏಣಿ ಒರಗಿಸಿ, ಅದರ ಮೊದಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದ. ಇನ್ನೊಂದು ಕಾಲು ಮೇಲೇಳುತ್ತಿರಲಿಲ್ಲ. ಒನೇಲಿಯಾ ಅವನ ನಡುಪಟ್ಟಿ ಹಿಡಿದುಕೊಂಡಿದ್ದಳು.

"ಇದು ಸುಳ್ಳು ಸೈಕ್ಲೋನು ಕಣಯ್ಯಾ. ಡ್ರಿಲ್ಲು. ಆಕಾಶ ನೋಡು, ಒಂದು ಮೋಡ ಇದ್ಯಾ?" ಅಂದೆ.

"ಸೊಯ್ಲಾ, ನಿನಗೇನಮ್ಮ, ತಾರ್ಸಿ ಕೆಳಗೆ ಕೂತು ಮಾತಾಡ್ತೀಯ" ಅಂದ. ನನ್ನ ಹೆಸರು ಅವನ ಬಾಯಲ್ಲಿ ಬಂದು ತಿಂಗಳಾಗಿತ್ತು. "ತಗಡು ಹಾರಿದ್ರೆ ನಿನ್ ಗಂಡ ಕೊಡ್ತಾನಾ?"

"ಅವನು ಸತ್ತು ಎಷ್ಟು ಕಾಲ ಆಯ್ತು, ಮಾರಾಯಾ."

"ಮತ್ತೆ? ಸತ್ತೋನು ಹೆಂಗೆ ಕೊಡ್ತಾನೆ?"

ಸೈರನ್ ಕೂಗಿತು. ಓಣಿಯ ಜನ ಒಬ್ಬೊಬ್ಬರೇ ಚೀಲ ಹಿಡಿದು ನಗಾಡುತ್ತ ನನ್ನ ಮನೆಯತ್ತ ಹೊರಟರು. ಒನೇಲಿಯಾ ಅವನನ್ನು ಬೇಡಿದಳು, ಎಳೆದಳು, ಒಂದು ಸಲ ಗದರಿದಳು ಕೂಡ. ಅವನು ಏಣಿ ಬಿಡಲಿಲ್ಲ. "ಚಾವಣಿ ಇಳಿಸ್ದೆ ಮನೆ ಬಿಟ್ಟು ಹೋಗೋನು ಗಂಡಸಾ?" ಎನ್ನುತ್ತಿದ್ದ. ಅಳುತ್ತಿದ್ದ ಕೂಡ.

ಒನೇಲಿಯಾ ಅವನ ನಡುಪಟ್ಟಿಯಿಂದ ಕೈ ತೆಗೆದಳು. ಆಮೇಲೆ ಚಪ್ಪಲಿ ಬಿಟ್ಟಳು. ಲಂಗದ ಅಂಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಸರಿ. ಪಕ್ಕಕ್ಕೆ ಬಾ. ನಾನು ಹತ್ತುತೀನಿ."

"ಹುಚ್ಚು ಹಿಡೀತಾ ನಿನಗೆ?" ಅಂದೆ ನಾನು. "ಬರದೇ ಇರೋ ಗಾಳಿಗೆ ಚಾವಣಿ ಬಿಚ್ತೀಯಾ? ಮಂಡಿ ನೋಡ್ಕೋ ನಿಂದು."

"ಸೋಮವಾರ ಗಾಡಿ ಬರುತ್ತೆ ಸೊಯ್ಲಾ. ಕೆಳಗೆ ನಿಂತು ತಗಡು ಹಿಡ್ಕೋ."

ಅರವತ್ತು ದಾಟಿದ ಹೆಂಗಸು ಹತ್ತಿದಳು. ಪ್ರತಿ ಮೆಟ್ಟಿಲಿಗೂ ಮಂಡಿಯ ಮೇಲೆ ಕೈಯೂರಿ, ಉಸಿರು ಬಿಗಿ ಹಿಡಿದು ಹತ್ತಿದಳು. ಎವೆಲಿಯೋ ಕೂಡಲೇ ಶಾಂತವಾದ. ಕೆಳಗೆ ನಿಂತು ಎರಡೂ ಕೈಯಲ್ಲಿ ಏಣಿ ಒತ್ತಿ ಹಿಡಿದು, ಹಳೆಯ ಗಾಡಿ ಹೊಡೆಯುವವನ ದನಿಯಲ್ಲಿ ಅಪ್ಪಣೆ ಕೊಡತೊಡಗಿದ.

"ಮೊದ್ಲು ಅಂಚಿಂದು ತೆಗಿ. ಮಧ್ಯದ್ದಕ್ಕೆ ಕೈ ಹಾಕ್ಬೇಡ."

"ಆಗ್ಲಿ."

"ತೊಲೆ ಮೇಲೆ ಕಾಲಿಡು. ರೀಪಿನ ಮೇಲೆ ಇಟ್ರೆ ಮುರೀತದೆ."

"ಆಗ್ಲಿ."

"ಮೊಳೆ ಬಿಸಾಕ್ಬೇಡ. ಜೇಬಿಗೆ ಹಾಕ್ಕೋ."

"ಜೇಬಿಲ್ಲ ನಂಗೆ. ಬಾಯಲ್ಲಿದೆ" ಅಂದಳು ಮೊಳೆ ಕಚ್ಚಿಕೊಂಡೇ.

ಒಂದೊಂದು ತಗಡು ಜಾರಿ ಬಂದಾಗಲೂ ನನ್ನ ಅಂಗೈ ಸುಡುತ್ತಿತ್ತು. ಬಿಸಿಲು, ತುಕ್ಕು, ಡಾಂಬರು. ನನ್ನ ಮೈ ಬಲದ ಬಗ್ಗೆ ಇದ್ದ ಜಂಬವೆಲ್ಲ ಮೂರನೇ ತಗಡಿಗೆ ಇಳಿದುಹೋಯಿತು. ನಡುವೆ ಯಾನೆಲಿಸ್ ಬಂದಳು. ಮೇಲೆ ನೋಡಿದವಳ ಮುಖ ಬಿಳಿಚಿಕೊಂಡಿತು.

"ಅಜ್ಜಿ, ಇಳೀರಿ. ತಾಲೀಮಿಗೆ ಯಾರೂ ಚಾವಣಿ ತೆಗೆಯಲ್ಲ."

"ಇವನು ತೆಗೀತಾನೆ" ಅಂದಳು ಒನೇಲಿಯಾ ಮೇಲಿನಿಂದ.

ಹುಡುಗಿ ಬಿಳಿ ಕೋಟು ಬಿಚ್ಚಿ ಬೇಲಿಗೆ ಹಾಕಿ ತಗಡಿನ ಇನ್ನೊಂದು ತುದಿ ಹಿಡಿದಳು.

ಕೊನೆಯ ತಗಡೂ ಇಳಿಯಿತು. ಮಾವಿನ ಮರದ ಬುಡದಲ್ಲಿ ಒಟ್ಟಿ, ಹಗ್ಗ ಬಿಗಿದು, ಮೇಲೆ ಕಲ್ಲು ಹೇರಿದೆವು. ಎವೆಲಿಯೋ ಸುತ್ತ ಒಂದು ಸಲ ನಡೆದು, ಹಗ್ಗ ಎಳೆದು ನೋಡಿ, ಸಮಾಧಾನದಿಂದ ತಲೆಯಾಡಿಸಿದ. ಆಮೇಲೆ ಒಳಗೆ ಹೋಗಿ ತನ್ನ ದಿಂಬು ತಂದ. ಏಣಿಯಿಂದ ಇಳಿದು ನೆಲದ ಮೇಲೆ ಕುಸಿದು ಕೂತಿದ್ದ ಹೆಂಡತಿಯ ಮುಂದೆ ಕೈ ಚಾಚಿದ.

"ಏಳು. ಗಾಳಿ ಬರೋ ಮೊದ್ಲು ಸೊಯ್ಲಾ ಮನೆಗೆ ಹೋಗ್ಬೇಕು."

ಅವಳ ಮೊಣಕೈ ಹಿಡಿದು ಓಣಿ ದಾಟಿದ. ನನ್ನ ಜಗಲಿಯ ಮೇಲೆ ಕೂತು ಹಲ್ವ ತಿಂದ. ಹೊತ್ತು ಮುಳುಗುವ ತನಕ ಯಾನೆಲಿಸ್ ಅಲ್ಲೇ ಇದ್ದಳು. ಅವನು ಒಂದು ಸಲವೂ ಎದ್ದು ಹೋಗುತ್ತೇನೆ ಅನ್ನಲಿಲ್ಲ. ಹೊರಡುವಾಗ ಹುಡುಗಿ ಒನೇಲಿಯಾಳನ್ನು ತಬ್ಬಿಕೊಂಡು, "ಗಾಡಿ ಬರಲ್ಲ, ಅಜ್ಜಿ" ಅಂದಳು. ಒನೇಲಿಯಾ ಅದಕ್ಕೂ ಆಗಲಿ ಅಂದಳು, ಅಷ್ಟೇ. ಸಂತೋಷಪಡುವುದಕ್ಕೂ ಅವಳಲ್ಲಿ ಏನೂ ಉಳಿದಿರಲಿಲ್ಲ.

ಆ ಸಂಜೆಯೇ ಮಳೆ ಬಂತು. ನಮ್ಮಲ್ಲಿ ಮೇ ತಿಂಗಳ ಮೊದಲ ಮಳೆಗೆ ಮೈಯೊಡ್ಡಿದರೆ ವರ್ಷವೆಲ್ಲ ಒಳ್ಳೆಯದಾಗುತ್ತದೆ ಎಂಬ ನಂಬಿಕೆ. ಓಣಿಯ ಮುದುಕರೂ ಮಕ್ಕಳೂ ಬೀದಿಗಿಳಿದು ನೆನೆಯುತ್ತ ಕುಣಿದರು. ಒನೇಲಿಯಾ ಬಾಗಿಲ ಬಳಿ ನಿಂತು ಎದುರಿಗಿದ್ದ ತನ್ನ ಮನೆ ನೆನೆಯುವುದನ್ನು ನೋಡಿದಳು. ಅರ್ಧ ಸಾಮಾನು ಇನ್ನೂ ಒಳಗೇ ಇತ್ತು. ಟಾರ್ಪಾಲು ಹೊದಿಸೋಣ ನಡಿ ಅಂದೆ. ಅವಳು ಕಾಲು ಕೀಳಲಿಲ್ಲ.

ಆ ರಾತ್ರಿ ಎವೆಲಿಯೋ ನನ್ನ ಗಂಡನ ಮಂಚದ ಮೇಲೆ ಬೆಳಗಿನ ತನಕ ಗೊರಕೆ ಹೊಡೆದ. ಪಕ್ಕದಲ್ಲಿ ಅವಳೂ ಮಲಗಿದ್ದಳು, ಎಬ್ಬಿಸಿದರೂ ಏಳದ ಹಾಗೆ. ಅಕ್ಟೋಬರಿನಿಂದ ಅವರಿಬ್ಬರೂ ಹಾಗೆ ನಿದ್ದೆ ಮಾಡಿರಲಿಲ್ಲ.

ಭಾನುವಾರ ಬಿಸಿಲು ಬಿತ್ತು. ನಾನು ಮೊಳೆಗಳನ್ನೆಲ್ಲ ಕಲ್ಲಿನ ಮೇಲೆ ಬಡಿದು ನೆಟ್ಟಗೆ ಮಾಡಿದೆ, ಓಣಿಯ ನಾಲ್ಕು ಜನರನ್ನು ಬೈದು ಒಪ್ಪಿಸಿದೆ. ಊಟದ ಹೊತ್ತಿಗೆ ಚಾವಣಿ ಮತ್ತೆ ಮೇಲೇರಿಸಬಹುದಿತ್ತು. ಒನೇಲಿಯಾ ನನ್ನ ಹಿತ್ತಲಲ್ಲಿ ಒದ್ದೆ ಬಟ್ಟೆ ಹರವುತ್ತಿದ್ದಳು.

"ಬೇಡ ಸೊಯ್ಲಾ. ಅವ್ರನ್ನ ಕಳ್ಸು" ಅಂದಳು.

"ಏನು ಬೇಡ?"

"ಚಾವಣಿ ಹಾಕೋದು ಬೇಡ. ಹಾಕಿದ್ರೆ ಮತ್ತೆ ಇಳಿಸ್ಬೇಕಲ್ಲ. ನನ್ ಕೈಲಾಗಲ್ಲ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ನಾನು ಕೂಗಾಡಿದ್ದು ಓಣಿಗೆಲ್ಲ ಕೇಳಿಸಿರಬೇಕು. ಮದುವೆಯಾದ ವರ್ಷ ಇಬ್ಬರೂ ಸೇರಿ ಹಲಗೆ ಹಲಗೆ ಜೋಡಿಸಿ ಕಟ್ಟಿದ ಮನೆ ಅದು. ಆರು ತಿಂಗಳ ಮಳೆ ಬೋಳು ಗೋಡೆಯ ಮೇಲೆ ಬಿದ್ದರೆ ಹಲಗೆ ಉಳಿಯುತ್ತದೆಯೇ? ಗೆದ್ದಲು ಬಿಡುತ್ತದೆಯೇ?

"ನವೆಂಬರ್ ಹೊತ್ತಿಗೆ ಅಲ್ಲಿ ಅಣಬೆ ಕೀಳ್ಬೋದು, ಗೊತ್ತಾ? ಮನೆ ಹೋಗುತ್ತೆ ಕಣೇ."

"ಗೊತ್ತು."

"ಗೊತ್ತಿದ್ದೂ ಹಿಂಗಂತೀಯಲ್ಲ, ನಿನ್ ತಲೇನೂ ಅವನ ಹಿಂದೇನೇ ಹೋಯ್ತಾ?"

ಅವಳು ಒದ್ದೆ ಹೊದಿಕೆಯನ್ನು ಹಿಂಡಿದಳು. ಆತುರವೇನೂ ಇರಲಿಲ್ಲ.

"ತಗಡು ಮೇಲಿದ್ರೆ ಅವನು ಮಲಗಲ್ಲ. ಅವನು ಮಲಗದಿದ್ರೆ ನಾನು ಸಾಯ್ತೀನಿ. ನಾನು ಸತ್ತ ದಿನಾನೇ ಅವನನ್ನ ಗಾಡಿಗೆ ಹತ್ತಿಸ್ತಾರೆ. ಮನೆ ಹೋದ್ರೆ ಹೋಗ್ಲಿ ಸೊಯ್ಲಾ, ನಂಗೆ ಎರಡನ್ನೂ ಹಿಡ್ಕೊಳ್ಳೋಕೆ ಆಗಲ್ಲ. ನಿನ್ ಮನೇಲಿ ನಾವಿರೋದು ನೀನು ಬೇಡ ಅಂದ್ರೆ ಬೇಡ. ಸೋಮವಾರಾನೇ ಗಾಡಿ ಕಳ್ಸಿ ಅಂತ ಡಾಕ್ಟ್ರಮ್ಮನಿಗೆ ಹೇಳ್ತೀನಿ."

ನಿಜ ಹೇಳುತ್ತೇನೆ, ನನ್ನ ತಲೆಗೆ ಮೊದಲು ಬಂದದ್ದು ನನ್ನ ಬಚ್ಚಲು. ಎವೆಲಿಯೋ ಈಗ ನೋಡಿಕೊಂಡು ಉಚ್ಚೆ ಹೊಯ್ಯುವವನಲ್ಲ. ಆಮೇಲೆ ಬಂದದ್ದು ನನ್ನ ನಿದ್ದೆ, ನನ್ನ ರೇಡಿಯೋ, ಒಬ್ಬಳೇ ಕಾಲು ಚಾಚಿ ಕೂರುವ ನನ್ನ ಸಂಜೆ. ನನಗೂ ವಯಸ್ಸಾಗಿದೆ, ನನಗೂ ಸಾಕಾಗಿದೆ. ಅದನ್ನೆಲ್ಲ ಅವಳಿಗೆ ಹೇಳಲು ಬಾಯಿ ತೆರೆದೆ. ಅವಳು ಹೊದಿಕೆಯ ಒಂದು ತುದಿ ಹಿಡಿದು ಇನ್ನೊಂದನ್ನು ನನ್ನತ್ತ ಚಾಚಿದ್ದಳು, ಹಿಂಡಲು ಒಬ್ಬಳ ಕೈ ಸಾಲದೆಂದು. ಹಿಡಿದುಕೊಂಡೆ.

"ಬಚ್ಚಲು ನೀನು ತೊಳೀಬೇಕು" ಅಂದೆ.

"ಆಗ್ಲಿ."

ಮಧ್ಯಾಹ್ನ ಇಬ್ಬರೂ ಅವಳ ಮನೆಗೆ ಹೋದೆವು. ಒಳಗೆ ಕಾಲು ಮುಳುಗುವಷ್ಟು ನೀರು ನಿಂತಿತ್ತು. ಪಾತ್ರೆ, ಅಕ್ಕಿ ಡಬ್ಬ, ಅವಳ ತಾಯಿಯ ಕಾಲದ ಹೊಲಿಗೆ ಯಂತ್ರ, ಒಂದೊಂದನ್ನೇ ಈಚೆ ಸಾಗಿಸಿದೆವು. ಎಲ್ಲ ಮುಗಿದ ಮೇಲೆ ಅವಳು ಬೋಳು ಮನೆಯ ನಡುವೆ ನಿಂತು ಒಂದು ಸುತ್ತು ಕಣ್ಣಾಡಿಸಿದಳು. ಇನ್ನೇನಿಲ್ಲ ಬಾ ಅಂದೆ. ಅವಳು ಸುತ್ತಿಗೆ ತೆಗೆದುಕೊಂಡು ಮುಂಬಾಗಿಲ ಬಳಿ ಹೊಸ್ತಿಲ ಮೇಲೆ ಕೂತು, ಬಿಜಾಗರಿಯ ಮೊಳೆ ಕೀಳಲು ಶುರು ಮಾಡಿದಳು.

"ಬಾಗಿಲು ಒಳ್ಳೇ ಮರದ್ದು" ಅಂದಳು, ನಾನು ಕೇಳಿದ ಹಾಗೆ. "ಮಳೇಲಿ ಬಿಟ್ರೆ ಹಾಳಾಗುತ್ತೆ."

ನನ್ನ ಜಗಲಿಯ ಮೇಲಿಂದ ಎವೆಲಿಯೋ ಕೂಗಿದ. "ಯಾರ ಮನೆ ಬಾಗ್ಲು ಬಿಚ್ತಿದೀರೇ?"

ಒನೇಲಿಯಾಳ ಕೈ ನಿಂತಿತು. ನಾನು ಅವಳ ಮುಖ ನೋಡದೆ ತೊಲೆಯ ಕಡೆ ನೋಡಿದೆ.

"ನಮ್ದೇ" ಅಂದಳು.

"ಒಳ್ಳೇ ಕೆಲ್ಸ ಮಾಡ್ತಿದೀಯ. ಬಿಚ್ಚು, ಬಿಚ್ಚು. ಗಾಳಿ ಹೋದ್ಮೇಲೆ ನಾನು ಹಾಕ್ಕೊಡ್ತೀನಿ."

ಕೊನೆಯ ಮೊಳೆ ಬಂತು. ಬಾಗಿಲು ನಮ್ಮ ಮೇಲೆ ವಾಲಿತು. ಆ ತುದಿ ಅವಳು ಹಿಡಿದಳು, ಈ ತುದಿ ನಾನು ಹಿಡಿದೆ. ಓಣಿ ದಾಟುವಾಗ ಅವಳು ಅಳುತ್ತಿದ್ದಳು, ಅಳುತ್ತಲೇ ಗಂಡನಿಗೆ ಕೇಳುವಂತೆ "ಆಗ್ಲಿ" ಅಂದಳು.